ಲೆಡ್ಜರ್ ಬರೆದ ಕೈಗೆ ಕಡತ ಹೊಸದಲ್ಲ

ಹತ್ತೊಂಬತ್ತನೇ ವಯಸ್ಸಿಗೆ ಸೈನ್ಯ ಸೇರಿ ಹದಿನೇಳು ವರ್ಷ ಸೇವೆ ಮುಗಿಸಿದವರು ಪಿಂಚಣಿ ಆದೇಶ ಹಿಡಿದು ಊರಿಗೆ ಬರುವಾಗ ಅವರಿಗೆ ಮೂವತ್ತಾರು. ಜೊತೆಗೆ ಎಸ್ಸೆಸ್ಸೆಲ್ಸಿ ಓದಿದ ಕೆಲವರಿಗೆ ಇನ್ನೂ ಕಾಯಂ ಕೆಲಸವೇ ಸಿಕ್ಕಿರುವುದಿಲ್ಲ; ಇವರನ್ನು ಆಗಲೇ ಊರಿನವರು ‘ರಿಟೈರ್ಡ್ ಮಿಲಿಟ್ರಿ’ ಎಂದು ಕರೆಯತೊಡಗಿರುತ್ತಾರೆ. ಮಕ್ಕಳು ಪ್ರೈಮರಿಯಲ್ಲಿ, ಮನೆ ಸಾಲ ಅರ್ಧ ದಾರಿಯಲ್ಲಿ. ದಳಗಳಲ್ಲಿ ತಾರುಣ್ಯ ಉಳಿಯಬೇಕೆಂದು ಸೇನೆ ತನ್ನವರನ್ನು ಬೇಗನೆ ಬಿಟ್ಟುಕೊಡುತ್ತದೆ. ಮೂರೂ ಸೇನೆಗಳಿಂದ ವರ್ಷಕ್ಕೆ ಸುಮಾರು 60,000 ಮಂದಿ ಹೀಗೆ ಹೊರಬರುತ್ತಾರೆ. ಅವರಲ್ಲಿ ಬಹಳ ಮಂದಿ ಮೊದಲು ಯೋಚಿಸುವುದು ಇನ್ನೊಂದು ಸರ್ಕಾರಿ ಕೆಲಸದ ಬಗ್ಗೆ.

ಯೋಚನೆ ಸರಿಯಾದದ್ದೇ. ಆದರೆ ಬೀಳ್ಕೊಡುಗೆ ಸಮಾರಂಭದ ಭಾಷಣಗಳನ್ನು ನಂಬಿಕೊಂಡು ಹೊರಟರೆ ದಾರಿ ತಪ್ಪುತ್ತದೆ. ‘ನಿಮ್ಮ ಶಿಸ್ತೇ ನಿಮ್ಮ ಆಸ್ತಿ, ಎಲ್ಲಿ ಹೋದರೂ ಕೆಲಸ ಸಿಗುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಶಿಸ್ತಿಗೆ ಅಂಕ ಕೊಡುವವರು ಯಾರು? ಕೇಂದ್ರ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ಸಿ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೂ ಸಂದರ್ಶನವನ್ನೇ ತೆಗೆದುಹಾಕಿದೆ. ರಾಜ್ಯದ ಪ್ರಥಮ ದರ್ಜೆ, ದ್ವಿತೀಯ ದರ್ಜೆ ಸಹಾಯಕರ ನೇಮಕವೂ ಲಿಖಿತ ಪರೀಕ್ಷೆಯ ಅಂಕದ ಮೇಲೆಯೇ. ಎದೆಯ ಮೇಲಿನ ಪದಕಗಳನ್ನು ನೋಡಿ ಬೆರಗಾಗುವ ಸಮಿತಿ ಎದುರಿಗೆ ಕೂತಿರುವುದಿಲ್ಲ. ಒಎಂಆರ್ ಹಾಳೆ ಮಾತ್ರ ಇರುತ್ತದೆ.

ಹಾಗಾದರೆ ಸೇನೆಯ ಅನುಭವ ಕೆಲಸಕ್ಕೆ ಬರುವುದು ಎರಡು ಕಡೆ. ಪರೀಕ್ಷೆಗೆ ಮುಂಚೆ ವಯಸ್ಸು, ವಿದ್ಯಾರ್ಹತೆ, ಮೀಸಲಾತಿಯ ನಿಯಮಗಳು ಆ ಸೇವಾವಧಿಗೆ ಬೆಲೆ ಕಟ್ಟುತ್ತವೆ. ನೇಮಕವಾದ ಮೇಲೆ, ಕುರ್ಚಿಯಲ್ಲಿ ಕೂತು ಕಡತ ಬಿಚ್ಚುವಾಗ, ಅದು ಮತ್ತೆ ನೆರವಿಗೆ ಬರುತ್ತದೆ. ನಡುವಿನ ಹಾದಿಯನ್ನು ಓದಿಯೇ ದಾಟಬೇಕು. ಇದನ್ನು ಮೊದಲೇ ತಿಳಿದವರು ನಿವೃತ್ತಿಯ ಎರಡು ವರ್ಷ ಮುಂಚೆಯೇ ತಯಾರಿ ಆರಂಭಿಸಿರುತ್ತಾರೆ.

ಯಾರು ಮಾಜಿ ಸೈನಿಕ?

ಸಮವಸ್ತ್ರ ತೊಟ್ಟು ಹೊರಬಂದವರೆಲ್ಲ ನಿಯಮದ ಕಣ್ಣಿನಲ್ಲಿ ಮಾಜಿ ಸೈನಿಕರಾಗುವುದಿಲ್ಲ. ಕೇಂದ್ರದ ಹುದ್ದೆಗಳಿಗೆ ಆಧಾರ 1979ರ ಮಾಜಿ ಸೈನಿಕರ ಮರುನೇಮಕ ನಿಯಮಗಳು. ಅದರ ಪ್ರಕಾರ ಪಿಂಚಣಿ ಗಳಿಸಿ ಬಂದವರು, ಒಪ್ಪಿದ ಅವಧಿ ಮುಗಿಸಿ ಗ್ರಾಚ್ಯುಟಿಯೊಂದಿಗೆ ಬಿಡುಗಡೆಯಾದವರು, ಸೇನೆಯೇ ಹುದ್ದೆ ಕಡಿತ ಮಾಡಿ ಕಳಿಸಿದವರು, ಸೇವೆಯಿಂದಲೇ ಉಂಟಾದ ಅಂಗವೈಕಲ್ಯದ ಕಾರಣ ವೈದ್ಯಕೀಯವಾಗಿ ಬಿಡುಗಡೆಗೊಂಡು ಪಿಂಚಣಿ ಪಡೆಯುವವರು ಈ ವ್ಯಾಖ್ಯೆಯೊಳಗೆ ಬರುತ್ತಾರೆ. ದುರ್ನಡತೆಗಾಗಿ ವಜಾ ಆದವರು ಬರುವುದಿಲ್ಲ. ಹೆಚ್ಚು ಜನ ಎಡವುವುದು ಇನ್ನೊಂದು ಕಡೆ. ‘ಹತ್ತು ವರ್ಷ ಸಾಕು, ಊರಲ್ಲಿ ಜಮೀನಿದೆ’ ಎಂದು ಪಿಂಚಣಿ ಬರುವ ಮೊದಲೇ ತಾವಾಗಿ ಅರ್ಜಿ ಕೊಟ್ಟು ಬಂದವರಿಗೆ ಈ ಸೌಲಭ್ಯಗಳಿಲ್ಲ. ಪಿಂಚಣಿಗೆ ಬೇಕಾದ 15 ವರ್ಷ ತುಂಬಿದ ಮೇಲೆ ಸ್ವಂತ ಇಚ್ಛೆಯಿಂದ ಬಂದರೆ ತೊಂದರೆಯಿಲ್ಲ. ಕೆಲವು ತಿಂಗಳ ಅವಸರಕ್ಕೆ ಒಂದು ಜೀವಮಾನದ ಸೌಲಭ್ಯ ಬಿಟ್ಟುಕೊಡಬೇಡಿ.

ವಯಸ್ಸಿನ ಲೆಕ್ಕ

‘ನನಗೆ ನಲವತ್ತಾಯಿತು, ಇನ್ನೇನು ಅರ್ಜಿ’ ಎಂದು ಕೈಚೆಲ್ಲಿದವರಿಗೆ ಒಂದು ಸರಳ ಲೆಕ್ಕ. ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ನಿಮ್ಮ ಈಗಿನ ವಯಸ್ಸಿನಿಂದ ಸೇನೆಯಲ್ಲಿ ಕಳೆದ ವರ್ಷಗಳನ್ನು ಕಳೆಯಬೇಕು. ಉಳಿದದ್ದು ಆ ಹುದ್ದೆಯ ಗರಿಷ್ಠ ವಯೋಮಿತಿಗಿಂತ ಮೂರು ವರ್ಷಕ್ಕಿಂತ ಹೆಚ್ಚು ಮೀರಿರಬಾರದು. ನಲವತ್ತು ವರ್ಷದವರು, ಹದಿನೇಳು ವರ್ಷ ಸೇವೆ ಎಂದರೆ ಉಳಿಯುವುದು ಇಪ್ಪತ್ಮೂರು. ವಯೋಮಿತಿ 27 ಇರುವ ಹುದ್ದೆಗೂ ನೀವು ಅರ್ಹರು.

ಕರ್ನಾಟಕದ ಅಧಿಸೂಚನೆಗಳು ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತವೆ: ಸಶಸ್ತ್ರ ದಳದಲ್ಲಿ ಎಷ್ಟು ವರ್ಷ ಸೇವೆ ಸಲ್ಲಿಸಿದ್ದೀರೋ ಅದಕ್ಕೆ ಮೂರು ವರ್ಷ ಸೇರಿಸಿ, ಅಷ್ಟನ್ನು ಗರಿಷ್ಠ ವಯೋಮಿತಿಗೆ ಕೂಡಿಸಿಕೊಳ್ಳಬಹುದು. ಸಾಮಾನ್ಯ ವರ್ಗಕ್ಕೆ 35, ಪ್ರವರ್ಗ 2ಎ, 2ಬಿ, 3ಎ, 3ಬಿಗೆ 38, ಪರಿಶಿಷ್ಟರು ಮತ್ತು ಪ್ರವರ್ಗ 1ಕ್ಕೆ 40 ಎನ್ನುವುದು ರಾಜ್ಯದಲ್ಲಿ ರೂಢಿಯ ಮಿತಿ. ಸರ್ಕಾರ ಆಗಾಗ ಇದಕ್ಕೂ ಸಡಿಲಿಕೆ ಕೊಡುತ್ತದೆ. 2ಎ ವರ್ಗದ ಹವಾಲ್ದಾರರೊಬ್ಬರಿಗೆ ಇಪ್ಪತ್ತು ವರ್ಷ ಸೇವೆಯಾಗಿದ್ದರೆ ಲೆಕ್ಕ ಅರವತ್ತನ್ನೂ ದಾಟುತ್ತದೆ. ನಿವೃತ್ತಿ ವಯಸ್ಸೇ ಅರವತ್ತು ಎನ್ನುವುದು ಬೇರೆ ಮಾತು. ವಯಸ್ಸು ನಿಜವಾಗಿ ಅಡ್ಡಬರುವುದು ಅರ್ಜಿಯಲ್ಲಿ ಅಲ್ಲ, ನಲವತ್ತರ ಮೇಲೆ ಮತ್ತೆ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಕೂರುವ ತಾಳ್ಮೆಯಲ್ಲಿ.

ವಿದ್ಯಾರ್ಹತೆಗೂ ಒಂದು ಕಿಂಡಿ ಇದೆ. ಎಸ್ಸೆಸ್ಸೆಲ್ಸಿ ಪಾಸಾಗಿ ಕನಿಷ್ಠ 15 ವರ್ಷ ಸೇವೆ ಮುಗಿಸಿದವರನ್ನು, ಪದವಿ ಕೇಳುವ ಕೇಂದ್ರದ ಗ್ರೂಪ್ ಸಿ ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು ಎನ್ನುತ್ತದೆ 1979ರ ನಿಯಮ. ಷರತ್ತು, ಆ ಹುದ್ದೆಗೆ ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರಬಾರದು. ಸೇನೆ ಬಿಡುಗಡೆಯ ಹೊತ್ತಿಗೆ ಕೊಡುವ ಪದವಿ ಸಮಾನತೆಯ ಪ್ರಮಾಣಪತ್ರ ಹುಟ್ಟಿದ್ದು ಹೀಗೆ. ಆದರೆ ಅದನ್ನೇ ಎಲ್ಲ ಕಡೆ ಬಿ.ಎ. ಎಂದುಕೊಂಡು ಹೋದರೆ ದಾಖಲೆ ಪರಿಶೀಲನೆಯ ದಿನ ಮುಖ ಸಪ್ಪೆಯಾಗಬಹುದು. ರಾಜ್ಯದ ಹುದ್ದೆಗಳಿಗೆ ಅಧಿಸೂಚನೆಯಲ್ಲಿ ಸಮಾನತೆಯ ಬಗ್ಗೆ ಏನು ಬರೆದಿದೆ ಎಂಬುದನ್ನು ಒಂದೊಂದು ಸಾಲಾಗಿ ಓದಬೇಕು. ನನ್ನ ಸಲಹೆ ಕೇಳಿದರೆ, ಸೇವೆಯಲ್ಲಿರುವಾಗಲೇ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಿಂದಲೋ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಿಂದಲೋ ನಿಜವಾದ ಪದವಿಯನ್ನೇ ಮಾಡಿಕೊಳ್ಳಿ. ಪೀಸ್ ಸ್ಟೇಷನ್ನಿನ ಮೂರು ವರ್ಷ ಇದಕ್ಕೆ ಸಾಕು. ಆಗ ಯಾರ ಮುಂದೆಯೂ ನಿಯಮದ ಪ್ರತಿ ಹಿಡಿದು ವಾದಿಸುವ ಅಗತ್ಯ ಬೀಳುವುದಿಲ್ಲ.

ಮೀಸಲು ಕುರ್ಚಿ ಖಾಲಿ ಉಳಿಯುವುದೇಕೆ

ಕೇಂದ್ರದ ಗ್ರೂಪ್ ಸಿ ನೇರ ನೇಮಕದಲ್ಲಿ ಶೇ 10, ಹಿಂದೆ ಗ್ರೂಪ್ ಡಿ ಎನ್ನುತ್ತಿದ್ದ ಹುದ್ದೆಗಳಲ್ಲಿ ಶೇ 20 ಮಾಜಿ ಸೈನಿಕರಿಗೆ. ಸಾರ್ವಜನಿಕ ವಲಯದ ಬ್ಯಾಂಕು ಮತ್ತು ಉದ್ದಿಮೆಗಳಲ್ಲಿ ಇದು ಶೇ 14.5 ಮತ್ತು ಶೇ 24.5. ಅದರಲ್ಲಿ ಶೇ 4.5 ಯುದ್ಧದಲ್ಲಿ ಮಡಿದವರ ಅವಲಂಬಿತರಿಗೂ ಅಂಗವಿಕಲರಾದ ಮಾಜಿ ಸೈನಿಕರಿಗೂ ಸೇರಿದ್ದು. ಕೇಂದ್ರದ ಅರೆಸೇನಾ ಪಡೆಗಳಲ್ಲಿ ಅಸಿಸ್ಟೆಂಟ್ ಕಮಾಂಡೆಂಟ್ ಹಂತದವರೆಗೆ ಶೇ 10 ಇದೆ. ಕರ್ನಾಟಕದ ಗ್ರೂಪ್ ಸಿ ನೇಮಕಗಳಲ್ಲಿಯೂ ಶೇ 10 ಮಾಜಿ ಸೈನಿಕರ ಪಾಲು.

ರಾಜ್ಯದ ಅಧಿಸೂಚನೆಯ ಹುದ್ದೆ ವರ್ಗೀಕರಣದ ಪಟ್ಟಿಯನ್ನು ಮೊದಲ ಸಲ ನೋಡಿದವರಿಗೆ ತಲೆ ಸುತ್ತುತ್ತದೆ. ಈ ಮೀಸಲಾತಿ ಜಾತಿವಾರು ಮೀಸಲಾತಿಯ ಪಕ್ಕದಲ್ಲಿ ನಿಲ್ಲುವುದಿಲ್ಲ, ಅದರ ಒಳಗೆ ಅಡ್ಡಲಾಗಿ ಹಾಯುತ್ತದೆ. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮದಂತೆ ಇದೂ ಪ್ರತಿ ವರ್ಗದೊಳಗಿನ ಒಂದು ಅಂಕಣ. 3ಎ ವರ್ಗದ ಮಾಜಿ ಸೈನಿಕ ಸ್ಪರ್ಧಿಸುವುದು 3ಎಯ ‘ಮಾಜಿ ಸೈನಿಕ’ ಸ್ಥಾನಕ್ಕೆ. ಹೀಗಾಗಿ ಅರ್ಜಿಯಲ್ಲಿ ನಿಮ್ಮ ವರ್ಗವನ್ನೂ ನಮೂದಿಸಿ, ಮಾಜಿ ಸೈನಿಕ ಎಂಬ ಪ್ರಶ್ನೆಗೂ ‘ಹೌದು’ ಎಂದು ಗುರುತು ಹಾಕಬೇಕು. ಒಂದನ್ನು ಬಿಟ್ಟರೆ ಇನ್ನೊಂದರ ಲಾಭ ಪೂರ್ತಿ ಸಿಗುವುದಿಲ್ಲ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ನೀವು ಓದಿದ ಶಾಲೆಗೇ ಹೋಗಬೇಕು. ವಾರ್ಷಿಕ ರಜೆಯಲ್ಲಿ ಬಂದಾಗ ಈ ಕೆಲಸ ಮುಗಿಸಿಟ್ಟರೆ ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಮಾಜಿ ಸೈನಿಕರ ಹುದ್ದೆಗಳು ಪೂರ್ತಿ ತುಂಬುವುದು ಅಪರೂಪ. ಅರ್ಹರು ಸಿಗದಿದ್ದರೆ ಆ ಸ್ಥಾನ ಅದೇ ವರ್ಗದ ಇತರರಿಗೆ ಹೋಗುತ್ತದೆ. ಅರ್ಜಿಯನ್ನೇ ಹಾಕದಿರುವುದು ಒಂದು ಕಾರಣ. ಹಾಕಿದವರಲ್ಲೂ ಕನಿಷ್ಠ ಅಂಕ ದಾಟದವರು ಬಹಳ. ರಾಜ್ಯದ ಪರೀಕ್ಷೆಗಳಲ್ಲಂತೂ ಇನ್ನೊಂದು ಗೋಡೆ ಇದೆ, ಅದು ನಮ್ಮ ಕನ್ನಡದ್ದೇ.

ಪ್ರಥಮ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿಯಂಥ ಹುದ್ದೆಗಳಿಗೆ 150 ಅಂಕದ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ಕನಿಷ್ಠ 50 ಪಡೆಯಲೇಬೇಕು. ಇಲ್ಲವಾದರೆ ಉಳಿದ ಪತ್ರಿಕೆಗಳ ಅಂಕ ಎಷ್ಟಿದ್ದರೂ ಲೆಕ್ಕಕ್ಕಿಲ್ಲ. ಹದಿನೇಳು ವರ್ಷ ಪಠಾಣ್‌ಕೋಟ್, ತೇಜ್‌ಪುರ, ಜೋಧಪುರದ ಬ್ಯಾರಕ್ಕುಗಳಲ್ಲಿ ಹಿಂದಿಯಲ್ಲೇ ಮಾತಾಡಿ, ಇಂಗ್ಲಿಷ್‌ನಲ್ಲಿ ರಜೆ ಅರ್ಜಿ ಬರೆದವರಿಗೆ ಕನ್ನಡದಲ್ಲಿ ಮಾತು ಉಳಿದಿರುತ್ತದೆ, ಬರವಣಿಗೆ ಜಾರಿಹೋಗಿರುತ್ತದೆ. ಒತ್ತಕ್ಷರ ತಪ್ಪುತ್ತದೆ, ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗುತ್ತವೆ. ಪ್ರಬಂಧ, ಸಂಕ್ಷೇಪ ಲೇಖನ, ಅರ್ಜಿ ಬರೆಯುವುದು, ಗಾದೆ ವಿಸ್ತರಣೆ ಎಲ್ಲ ಹೈಸ್ಕೂಲಿನಲ್ಲಿ ಬಿಟ್ಟದ್ದು. ಇದಕ್ಕೆ ಕೋಚಿಂಗ್ ಸೆಂಟರಿಗಿಂತ ದಿನಪತ್ರಿಕೆ ಉತ್ತಮ ಮೇಷ್ಟ್ರು. ನಿವೃತ್ತಿಗೆ ಎರಡು ವರ್ಷ ಇರುವಾಗಿನಿಂದ ದಿನಕ್ಕೊಂದು ಸಂಪಾದಕೀಯ ಓದಿ ಅದರ ಸಾರಾಂಶವನ್ನು ಕೈಯಲ್ಲೇ ಬರೆಯಿರಿ, ಮೊಬೈಲಿನಲ್ಲಿ ಟೈಪ್ ಮಾಡಬೇಡಿ. ಮನೆಗೆ ಫೋನ್ ಮಾಡುವ ಬದಲು ಆಗಾಗ ಒಂದು ಕಾಗದ ಬರೆದರೂ ಆಯಿತು. ಹಳೆಯ ಕಾಲದ ಸೈನಿಕರಿಗೆ ಈ ತೊಂದರೆ ಕಡಿಮೆ ಇದ್ದದ್ದು ಅವರು ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು ಎಂಬ ಕಾರಣಕ್ಕೇ ಇರಬೇಕು.

ಯಾವ ಕೆಲಸ ಯಾವುದಕ್ಕೆ ಹತ್ತಿರ

ಸೇನೆ ಎಂದರೆ ಗಡಿಯಲ್ಲಿ ಬಂದೂಕು ಹಿಡಿದು ನಿಲ್ಲುವುದು ಎಂದೇ ಊರಿನವರು ತಿಳಿದಿರುತ್ತಾರೆ. ಒಳಗಿದ್ದವರಿಗೆ ಗೊತ್ತು, ಸೇನೆಯಲ್ಲಿ ಕಾಗದವೂ ಒಂದು ಶಸ್ತ್ರ. ಒಂದು ಕಂಬಳಿ ಕೊಟ್ಟರೂ ವೋಚರ್, ವಾಪಸ್ ಪಡೆದರೂ ವೋಚರ್. ಕಳೆದುಹೋದರೆ ವಿಚಾರಣೆ. ವರ್ಷಕ್ಕೊಮ್ಮೆ ಬೋರ್ಡ್ ಕೂತು ಎಣಿಕೆ.

ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರರ ಕೆಲಸವನ್ನೇ ನೋಡಿ. ನೂರಕ್ಕೂ ಹೆಚ್ಚು ಮಂದಿಯ ರೇಷನ್, ಬಟ್ಟೆ, ಹಾಸಿಗೆ, ಪಾತ್ರೆ ಎಲ್ಲ ಅವರ ಲೆಡ್ಜರಿನಲ್ಲಿ. ಬೆಳಿಗ್ಗೆಯ ಹಾಜರಿ ನೋಡಿ ಎಷ್ಟು ಕಿಲೋ ಅಕ್ಕಿ, ಎಷ್ಟು ಬೇಳೆ ಎಂದು ಲೆಕ್ಕ ಹಾಕಿ ಅಡುಗೆಮನೆಗೆ ಕೊಡುವವರು ಅವರೇ. ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಹಾಸ್ಟೆಲಿನ ನಿಲಯ ಪಾಲಕರ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಹುಡುಕಬೇಕಾಗುತ್ತದೆ: ಮಕ್ಕಳ ಹಾಜರಿ, ಆಹಾರ ಪದಾರ್ಥದ ದಾಸ್ತಾನು ಪುಸ್ತಕ, ಹಾಸಿಗೆ ಹೊದಿಕೆಯ ವಿತರಣೆ, ಅಡುಗೆಯವರ ಪಾಳಿ, ತಪಾಸಣೆಗೆ ಬರುವ ಅಧಿಕಾರಿ. ನನ್ನ ಅಭಿಪ್ರಾಯದಲ್ಲಿ ಮಾಜಿ ಸೈನಿಕರು ಪೊಲೀಸ್ ಮತ್ತು ಬ್ಯಾಂಕನ್ನಷ್ಟೇ ನೋಡಿ ಇಂಥ ಹುದ್ದೆಗಳನ್ನು ಕಡೆಗಣಿಸುತ್ತಾರೆ. ಆಹಾರ ಇಲಾಖೆಯ ನಿರೀಕ್ಷಕ ಹುದ್ದೆಯೂ ಇದೇ ಜಾತಿಯದು. ವಿದ್ಯಾರ್ಹತೆ ಹೊಂದುತ್ತದೆಯೇ ಎಂದು ನೋಡಿಕೊಂಡು ಇವುಗಳಿಗೂ ಅರ್ಜಿ ಹಾಕಿ.

ಕ್ಲರ್ಕ್ ಆಗಿದ್ದವರಿಗೆ ಕಚೇರಿ ಇನ್ನೂ ಹತ್ತಿರ. ಹೊಸ ಖರ್ಚಿಗೆ ಮಂಜೂರಾತಿ ಬೇಕಾದಾಗ ಸೇನೆಯಲ್ಲಿ ‘ಸ್ಟೇಟ್‌ಮೆಂಟ್ ಆಫ್ ಕೇಸ್’ ತಯಾರಿಸುತ್ತಾರೆ. ಹಿನ್ನೆಲೆ ಏನು, ಅಗತ್ಯ ಏಕೆ, ಯಾವ ನಿಯಮದಡಿ, ಹಣ ಎಲ್ಲಿಂದ, ಶಿಫಾರಸು ಏನು ಎಂಬ ಅದೇ ಕ್ರಮದಲ್ಲಿ ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರೂ ಕಡತದಲ್ಲಿ ಟಿಪ್ಪಣಿ ಮಂಡಿಸುತ್ತಾರೆ. ನಿಯಮದ ಪುಸ್ತಕ ಮಾತ್ರ ಬೇರೆ. ಖರೀದಿಗೆ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ, ರಜೆ ಸಂಬಳಕ್ಕೆ ಕರ್ನಾಟಕ ಸೇವಾ ನಿಯಮಗಳು. ಬಡ್ತಿಗಾಗಿ ಜನರಲ್ ಲಾ, ಅಕೌಂಟ್ಸ್ ಎಂಬ ಇಲಾಖಾ ಪರೀಕ್ಷೆಗಳಿವೆ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯೂ ಇದೆ. ಬಡ್ತಿಗೆ ಮುಂಚೆ ಕೇಡರ್ ಮುಗಿಸಿ ಅಭ್ಯಾಸವಿದ್ದವರು ಇವಕ್ಕೆ ಹೆದರಬೇಕಿಲ್ಲ.

ತಾಂತ್ರಿಕ ಟ್ರೇಡಿನವರು ಸ್ವಲ್ಪ ಎಚ್ಚರವಿರಬೇಕು. ಹಲಸೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಸೇತುವೆ ಕಟ್ಟಲು ಕಲಿತವರಿಗೆ, ಜಾಲಹಳ್ಳಿಯಲ್ಲಿ ವಾಯುಪಡೆಯ ತಾಂತ್ರಿಕ ತರಬೇತಿ ಪಡೆದವರಿಗೆ ಕೈಯಲ್ಲಿ ಕೆಲಸವಿದೆ. ಅಧಿಸೂಚನೆ ಕೇಳುವುದು ಐಟಿಐ ಅಥವಾ ಡಿಪ್ಲೊಮಾ ಪ್ರಮಾಣಪತ್ರವನ್ನು. ಸೇನೆಯ ಯಾವ ಟ್ರೇಡ್ ನಾಗರಿಕ ಜಗತ್ತಿನ ಯಾವುದಕ್ಕೆ ಸಮ ಎಂಬ ಪಟ್ಟಿಯನ್ನು ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾ ನಿರ್ದೇಶನಾಲಯ, ಅಂದರೆ ಡಿಜಿಆರ್, ಪ್ರಕಟಿಸಿದೆ. ನಿಮ್ಮ ಟ್ರೇಡಿನ ಸಾಲು ಅದರಲ್ಲಿ ಎಲ್ಲಿದೆ ಎಂದು ನೋಡಿಕೊಳ್ಳಿ. ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು ಸರ್ಕಾರಿ ಆಸ್ಪತ್ರೆಯ ಶುಶ್ರೂಷಾಧಿಕಾರಿ ಹುದ್ದೆಗೆ ಕಣ್ಣು ಹಾಕುವ ಮುನ್ನ, ಅದಕ್ಕೆ ಬೇಕಾದ ನರ್ಸಿಂಗ್ ಡಿಪ್ಲೊಮಾ ಮತ್ತು ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ತಮಗೆ ಇದೆಯೇ ಎಂದು ನೋಡಬೇಕು. ಲಡಾಖಿನ ಕಣಿವೆಗಳಲ್ಲಿ ಲಾರಿ ಓಡಿಸಿದವರಿಗೂ ಸಾರಿಗೆ ನಿಗಮಕ್ಕೆ ಬೇಕಾದದ್ದು ಆರ್‌ಟಿಓ ಕೊಟ್ಟ ಭಾರಿ ವಾಹನದ ಲೈಸೆನ್ಸ್ ಮತ್ತು ಬ್ಯಾಡ್ಜ್. ಸೇನೆಯ ಲೈಸೆನ್ಸ್ ಜೇಬಿನಲ್ಲಿರುವಾಗಲೇ ನಾಗರಿಕ ಲೈಸೆನ್ಸ್ ಮಾಡಿಸಿಕೊಳ್ಳಿ.

ಹೆಚ್ಚಿನವರು ಗಮನಿಸದ ಇನ್ನೊಂದು ಹೋಲಿಕೆ ಚುನಾವಣೆಯ ಹಿಂದಿನ ದಿನ ಕಾಣುತ್ತದೆ. ಮಸ್ಟರಿಂಗ್ ಕೇಂದ್ರದಲ್ಲಿ ಮತಗಟ್ಟೆ ಸಿಬ್ಬಂದಿಗೆ ಯಂತ್ರ, ಶಾಯಿ, ಅರಕು, ನಮೂನೆಗಳನ್ನು ಪಟ್ಟಿಯ ಪ್ರಕಾರ ಹಂಚಿ, ಬಸ್ಸಿಗೆ ಹತ್ತಿಸಿ, ರೂಟ್ ನಕ್ಷೆಯಂತೆ ಕಳಿಸಬೇಕು. ಮರುದಿನ ರಾತ್ರಿ ಡಿಮಸ್ಟರಿಂಗ್. ಪ್ರತಿ ಮುದ್ರೆ ಸರಿಯಿದೆಯೇ ಎಂದು ನೋಡಿ ವಾಪಸ್ ಪಡೆಯಬೇಕು. ಕಾನ್ವಾಯ್ ಹೊರಡಿಸಿ ಗೊತ್ತಿದ್ದವರಿಗೆ ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಮಳೆಗಾಲದ ವಿಪತ್ತು ನಿರ್ವಹಣೆಯೂ ಹಾಗೇ. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, 2019ರಲ್ಲಿ ಕೃಷ್ಣಾ ತೀರದಲ್ಲಿ ನೆರೆ ಬಂದಾಗ ಕಂದಾಯ ಸಿಬ್ಬಂದಿಯ ಮುಂದಿದ್ದದ್ದು ಗಂಜಿ ಕೇಂದ್ರ, ಹೊದಿಕೆ, ಜನರ ಎಣಿಕೆ, ದೋಣಿಯ ಪಾಳಿ. ಪುಸ್ತಕ ಓದಿ ಬಂದವರು ಇದನ್ನು ಮೊದಲ ನೆರೆಯಲ್ಲಿ ಕಲಿಯಬೇಕು. ಮಾಜಿ ಸೈನಿಕರು ಕಲಿತೇ ಬಂದಿರುತ್ತಾರೆ.

ಹುಕುಂ ನಡೆಯದ ಜಾಗ

ಹೊಂದಿಕೊಳ್ಳಲು ಕಷ್ಟವಾಗುವುದೂ ಇದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಸೇನೆಯಲ್ಲಿ ಸುಬೇದಾರ್ ಸಾಹೇಬರು ಒಮ್ಮೆ ಹೇಳಿದರೆ ಕೆಲಸ ಆಗುತ್ತದೆ. ಕಚೇರಿಯಲ್ಲಿ ಮೇಲಧಿಕಾರಿ ಹೇಳಿದರೂ ಆಗುವುದಿಲ್ಲ, ಕಡತದಲ್ಲಿ ಸಹಿ ಬಿದ್ದರೆ ಮಾತ್ರ ಆಗುತ್ತದೆ. ಬಾಯಿಮಾತಿನ ಆದೇಶ ಪಾಲಿಸಿದ ಶೂರನೇ ಲೋಕಾಯುಕ್ತ ತನಿಖೆಯಲ್ಲಿ ಒಂಟಿಯಾಗುತ್ತಾನೆ. ‘ಸರ್, ದಯವಿಟ್ಟು ಕಡತದಲ್ಲಿ ಬರೆದುಕೊಡಿ’ ಎನ್ನುವುದು ಅವಿಧೇಯತೆಯಲ್ಲ ಎಂಬುದನ್ನು ಮೊದಲ ತಿಂಗಳಲ್ಲೇ ಅರಗಿಸಿಕೊಳ್ಳಬೇಕು.

ವಯಸ್ಸಿನ ವಿಷಯವೂ ಇರಿಸುಮುರಿಸು ತರುತ್ತದೆ. ನಿಮಗಿಂತ ಹದಿನೈದು ವರ್ಷ ಚಿಕ್ಕ ತಹಶೀಲ್ದಾರರು ‘ಏನ್ರೀ, ಇನ್ನೂ ಆಗಿಲ್ವಾ’ ಎನ್ನಬಹುದು. ಹೊಸ ಲೆಫ್ಟಿನೆಂಟ್‌ಗೆ ಸಲ್ಯೂಟ್ ಹೊಡೆದವರಿಗೆ ಇದು ಹೊಸತಲ್ಲ ಎಂದು ನೆನಪಿಸಿಕೊಂಡರೆ ಸಿಟ್ಟು ಇಳಿಯುತ್ತದೆ. ಪಂಚಾಯಿತಿಯಲ್ಲಾದರೆ ಚುನಾಯಿತ ಅಧ್ಯಕ್ಷರು, ಸದಸ್ಯರು ಇರುತ್ತಾರೆ. ಅವರು ನಿಮ್ಮ ಶ್ರೇಣಿಯ ಮೇಲೂ ಇಲ್ಲ, ಕೆಳಗೂ ಇಲ್ಲ. ಅವರ ಮಾತನ್ನು ಕೇಳಬೇಕು, ನಿಯಮಕ್ಕೆ ಹೊರತಾದದ್ದನ್ನು ನಯವಾಗಿ ಬಿಡಬೇಕು. ಇದಕ್ಕೆ ಯಾವ ರೆಜಿಮೆಂಟಲ್ ಸೆಂಟರಿನಲ್ಲೂ ಪಾಠವಿಲ್ಲ.

ಕಿಟಕಿಯ ಆಚೆ ನಿಂತ ಜನ ಫಾಲ್ ಇನ್ ಆಗುವುದಿಲ್ಲ. ಒಬ್ಬಜ್ಜಿ ವಿಧವಾ ವೇತನದ ಕಾಗದ ಕೇಳಲು ಬಂದು ಮಗನ ಕಥೆಯನ್ನೆಲ್ಲ ಹೇಳುತ್ತಾರೆ. ಪಹಣಿಗೆ ಬಂದ ರೈತರು ಸರತಿ ಬಿಟ್ಟು ಮುಂದೆ ಬರುತ್ತಾರೆ. ಗದರಿಸಿದರೆ ಅರ್ಧ ಗಂಟೆಯಲ್ಲಿ ವಿಡಿಯೊ ಊರೆಲ್ಲ ಸುತ್ತುತ್ತದೆ. ಸಮಯಪಾಲನೆ ಮಾತ್ರ ಇಲ್ಲಿ ನಿಜಕ್ಕೂ ಬೆಲೆ ಬಾಳುತ್ತದೆ. 2011ರ ಸಕಾಲ ಕಾಯ್ದೆಯ ಪ್ರಕಾರ ನಿಗದಿತ ದಿನದೊಳಗೆ ಸೇವೆ ಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಅರ್ಜಿದಾರರಿಗೆ ಪರಿಹಾರ ಕೊಡಬೇಕಾಗುತ್ತದೆ. ಬೆಳಗಿನ ರೋಲ್ ಕಾಲ್‌ಗೆ ಒಂದು ನಿಮಿಷ ತಡವಾಗದ ಅಭ್ಯಾಸ ತಡಮಾಡಿದವರ ಪಟ್ಟಿಯಿಂದ ನಿಮ್ಮ ಹೆಸರನ್ನು ದೂರವಿಡುತ್ತದೆ.

ಕಾಗದ ಪತ್ರ, ದಿನಾಂಕ

ಬಿಡುಗಡೆಗೆ ಒಂದು ವರ್ಷ ಇರುವಾಗಲೇ ನಾಗರಿಕ ಹುದ್ದೆಗೆ ಅರ್ಜಿ ಹಾಕಲು ಅವಕಾಶವಿದೆ. ಕಮಾಂಡಿಂಗ್ ಆಫೀಸರರ ನಿರಾಕ್ಷೇಪಣಾ ಪತ್ರ ಮತ್ತು ಬಿಡುಗಡೆಯಾಗುವ ದಿನಾಂಕದ ಪ್ರಮಾಣಪತ್ರ ಬೇಕು. ನೇಮಕ ಪ್ರಕ್ರಿಯೆ ಮುಗಿಯಲು ವರ್ಷವೇ ಹಿಡಿಯುವ ನಮ್ಮ ನಾಡಿನಲ್ಲಿ ಈ ಒಂದು ವರ್ಷ ಚಿನ್ನ.

ಹೆಸರು ಮತ್ತು ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲೂ ಸೇನೆಯ ದಾಖಲೆಯಲ್ಲೂ ಆಧಾರಿನಲ್ಲೂ ಒಂದೇ ಇದೆಯೇ ನೋಡಿ. ನಮ್ಮ ಕಡೆ ಅಂಕಪಟ್ಟಿಯಲ್ಲಿ ಇನಿಶಿಯಲ್ ಇರುತ್ತದೆ, ಸೇನೆಯಲ್ಲಿ ಅಪ್ಪನ ಹೆಸರು ಅಥವಾ ಊರ ಹೆಸರು ಬಿಚ್ಚಿ ಬರೆದಿರುತ್ತಾರೆ. ಹೆಂಡತಿ ಮಕ್ಕಳ ಹೆಸರಿನ ಕಾಗುಣಿತವೂ ಹೀಗೇ ಕೈಕೊಡುತ್ತದೆ. ಇವನ್ನೆಲ್ಲ ಪಾರ್ಟ್ 2 ಆರ್ಡರ್ ಮೂಲಕ ಸರಿಪಡಿಸುವುದು ಸೇವೆಯಲ್ಲಿರುವಾಗ ಸುಲಭ. ಹೊರಬಂದ ಮೇಲೆ ದೂರದ ರೆಕಾರ್ಡ್ ಆಫೀಸಿಗೆ ಪತ್ರ ಬರೆದು ಕಾಯುತ್ತಾ ಕೂರಬೇಕು.

ಈಗ ಬಹಳ ಮಂದಿಗೆ ಗೊತ್ತಿಲ್ಲದ ಒಂದು ನಿಯಮ. ಮಾಜಿ ಸೈನಿಕರ ಮೀಸಲಾತಿಯಡಿ ಒಮ್ಮೆ ಕೇಂದ್ರದ ನಾಗರಿಕ ಹುದ್ದೆಗೆ ಸೇರಿದರೆ, ಮರುನೇಮಕಕ್ಕೆ ಆ ಹೆಸರಿನ ಲಾಭ ಅಲ್ಲಿಗೆ ಮುಗಿಯಿತು. ಸಣ್ಣ ಹುದ್ದೆಗೆ ಸೇರಿಕೊಂಡು ‘ಆಮೇಲೆ ದೊಡ್ಡದಕ್ಕೆ ನೋಡೋಣ’ ಎಂದವರು ಸಿಕ್ಕಿಬೀಳುತ್ತಿದ್ದದ್ದು ಇಲ್ಲೇ. 2014ರ ಆಗಸ್ಟ್‌ನಲ್ಲಿ ಕೇಂದ್ರದ ಸಿಬ್ಬಂದಿ ಇಲಾಖೆ ಇದನ್ನು ಸಡಿಲಿಸಿತು. ಮೊದಲ ಹುದ್ದೆಗೆ ಸೇರುವ ಮುನ್ನವೇ ಬೇರೆ ಯಾವ ಯಾವ ಹುದ್ದೆಗಳಿಗೆ ಅರ್ಜಿ ಹಾಕಿದ್ದೀರಿ ಎಂಬುದನ್ನು ದಿನಾಂಕ ಸಮೇತ ಪಟ್ಟಿ ಮಾಡಿ, ಸೇರಿದ ಕೂಡಲೇ ಹೊಸ ಕಚೇರಿಗೆ ಸ್ವಯಂ ಘೋಷಣೆಯಾಗಿ ಕೊಟ್ಟರೆ, ಆ ಪಟ್ಟಿಯಲ್ಲಿರುವ ಹುದ್ದೆಗಳಿಗೆ ಮಾಜಿ ಸೈನಿಕರ ಲಾಭ ಉಳಿಯುತ್ತದೆ. ಆದ್ದರಿಂದ ಸೇರುವ ಮುನ್ನ ಕಣ್ಣಿಗೆ ಬಿದ್ದ ಅರ್ಹ ಹುದ್ದೆಗಳಿಗೆಲ್ಲ ಅರ್ಜಿ ಹಾಕಿ, ಪ್ರತಿ ಅರ್ಜಿಯ ಮುದ್ರಿತ ಪ್ರತಿ ಇಟ್ಟುಕೊಳ್ಳಿ. ಘೋಷಣೆಯನ್ನು ಕೊಟ್ಟು ಸ್ವೀಕೃತಿಯ ಸಹಿ ಪಡೆಯಿರಿ. ಖಾಸಗಿ ಕಂಪನಿಯಲ್ಲಿ ಭದ್ರತಾ ಕೆಲಸ ಮಾಡಿದರೆ ಈ ಹಕ್ಕಿಗೆ ಧಕ್ಕೆಯಿಲ್ಲ.

ಸಂಬಳದ ಬಗ್ಗೆ ಒಂದು ಭಯ ಇರುತ್ತದೆ: ಪಿಂಚಣಿ ಕಡಿತವಾಗುತ್ತದೆಯೇ? ಕೇಂದ್ರದ ಮರುನೇಮಕದಲ್ಲಿ ಅಧಿಕಾರಿ ದರ್ಜೆಗಿಂತ ಕೆಳಗಿನವರ ವೇತನ ನಿಗದಿ ಮಾಡುವಾಗ ಅವರ ಸೇನಾ ಪಿಂಚಣಿಯನ್ನು ಪೂರ್ತಿ ಕೈಬಿಡುತ್ತಾರೆ. ಪಿಂಚಣಿ ಒಂದು ಕಡೆ, ಹೊಸ ಸಂಬಳ ಇನ್ನೊಂದು ಕಡೆ. ಅಧಿಕಾರಿಗಳಾಗಿದ್ದವರಿಗೆ ಪಿಂಚಣಿಯ ಮೊದಲ 15,000 ರೂಪಾಯಿಯನ್ನಷ್ಟೇ ಹೀಗೆ ಬಿಡುತ್ತಾರೆ.

ಪರೀಕ್ಷೆಗೆ ಓದುವುದು ಬೇಡವೆಂದವರಿಗೆ ಡಿಫೆನ್ಸ್ ಸೆಕ್ಯುರಿಟಿ ಕೋರ್ ಇದೆ. ಕೇರಳದ ಕಣ್ಣೂರಿನಲ್ಲಿ ಅದರ ಕೇಂದ್ರ. ರಕ್ಷಣಾ ನೆಲೆಗಳ ಕಾವಲು ಅದರ ಕೆಲಸ, ಮತ್ತೆ ಅದೇ ಸಮವಸ್ತ್ರ, ಅದೇ ಬ್ಯಾರಕ್. ಮನೆಯಿಂದ ದೂರವಿದ್ದು ಸಾಕಾಗಿ ಬಂದವರು ಸೇರುವ ಮುನ್ನ ಮನೆಯವರನ್ನೂ ಒಂದು ಮಾತು ಕೇಳಲಿ. ಶಾರ್ಟ್ ಸರ್ವಿಸ್ ಮುಗಿಸಿದ ಅಧಿಕಾರಿಗಳಿಗೆ ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಯಲ್ಲಿ ಐದು ವರ್ಷದ ವಯೋಮಿತಿ ಸಡಿಲಿಕೆ ಸಿಗುತ್ತದೆ, ಕನಿಷ್ಠ ಐದು ವರ್ಷ ಸೇವೆ ಮಾಡಿರಬೇಕು. ಕೊಡಗಿನ ಕಾರ್ಯಪ್ಪನವರು ಸೇನೆಯಿಂದ ನಿವೃತ್ತರಾದ ಮೇಲೆ ಆಸ್ಟ್ರೇಲಿಯಾಕ್ಕೆ ಭಾರತದ ಹೈಕಮಿಷನರ್ ಆಗಿ ಹೋದರು, ತಿಮ್ಮಯ್ಯನವರು 1964ರಲ್ಲಿ ಸೈಪ್ರಸ್‌ನ ವಿಶ್ವಸಂಸ್ಥೆ ಶಾಂತಿಪಡೆಯ ಹೊಣೆ ಹೊತ್ತರು. ಅದು ಬೇರೆಯೇ ಎತ್ತರ, ಬೇರೆಯೇ ಕಾಲ.

ಅಗ್ನಿವೀರರ ಲೆಕ್ಕ ಪೂರ್ತಿ ಬೇರೆ. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ನಾಲ್ಕು ವರ್ಷದ ನಂತರ ನಾಲ್ಕರಲ್ಲಿ ಒಬ್ಬರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಹೊರಬರುವವರಿಗೆ ಸೇವಾನಿಧಿ ಸಿಗುತ್ತದೆ, ಪಿಂಚಣಿಯಿಲ್ಲ, ಮಾಜಿ ಸೈನಿಕರ ಸ್ಥಾನಮಾನವೂ ಇಲ್ಲ. ಆದ್ದರಿಂದ ಮೇಲಿನ ಮೀಸಲಾತಿ, ವಯಸ್ಸಿನ ಸೂತ್ರಗಳನ್ನು ಅವರು ತಮ್ಮದೆಂದುಕೊಳ್ಳಬಾರದು. ಅರೆಸೇನಾ ಪಡೆಗಳಲ್ಲಿ ಅವರಿಗೆಂದೇ ಪ್ರತ್ಯೇಕ ಪಾಲು ಮತ್ತು ವಯೋಮಿತಿ ಸಡಿಲಿಕೆ ಘೋಷಿಸಲಾಗಿದೆ. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸಿಗೆ ಹೊರಬರುವವರು ಸಾಮಾನ್ಯ ಅಭ್ಯರ್ಥಿಗಳ ಜೊತೆಗೇ ಸ್ಪರ್ಧಿಸಬಲ್ಲರು. ಅದಕ್ಕೆ ಪಿಯುಸಿ, ಪದವಿಯ ಓದನ್ನು ಸೇವೆಯಲ್ಲಿದ್ದಾಗಲೇ ಮುಂದುವರಿಸಿರಬೇಕು.

ಊರಿಗೆ ಬಂದ ಮೇಲೆ ಮೊದಲ ಕೆಲಸ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ನಿಮ್ಮ ಜಿಲ್ಲೆಗೆ ಸೇರಿದ ಕಚೇರಿಗೆ ಹೋಗುವುದು. ಕೊಡಗಿನವರಿಗೆ ಮಡಿಕೇರಿಯಲ್ಲಿದೆ, ಬೆಳಗಾವಿಯವರಿಗೆ ಬೆಳಗಾವಿಯಲ್ಲೇ. ಜಿಲ್ಲೆಯಲ್ಲಿ ಪ್ರತ್ಯೇಕ ಕಚೇರಿ ಇಲ್ಲದಿದ್ದರೆ ಪಕ್ಕದ ಜಿಲ್ಲೆಯದು ನೋಡಿಕೊಳ್ಳುತ್ತದೆ. ಡಿಸ್ಚಾರ್ಜ್ ಬುಕ್, ಪಿಂಚಣಿ ಪಾವತಿ ಆದೇಶ, ವಿದ್ಯಾರ್ಹತೆಯ ಮತ್ತು ಟ್ರೇಡಿನ ಪ್ರಮಾಣಪತ್ರ, ಆಧಾರ್, ಹೆಂಡತಿಯ ಜೊತೆಗಿನ ಫೋಟೊ ತೆಗೆದುಕೊಂಡು ಹೋಗಿ. ಮಾಜಿ ಸೈನಿಕರ ಗುರುತಿನ ಚೀಟಿ ಮಾಡಿಸಿ, ಉದ್ಯೋಗಕ್ಕೂ ಹೆಸರು ನೋಂದಾಯಿಸಿ. ನೋಂದಣಿಯನ್ನು ಕಾಲಕಾಲಕ್ಕೆ ನವೀಕರಿಸುವುದು ನಿಮ್ಮ ಹೊಣೆ. ಮೊಬೈಲ್ ಸಂಖ್ಯೆ ಬದಲಾದರೆ ಅದನ್ನೂ ಹೋಗಿ ಹೇಳಿ ಬನ್ನಿ, ಏಕೆಂದರೆ ಹುದ್ದೆ ಖಾಲಿ ಇದೆಯೆಂದು ಯಾವುದಾದರೂ ಇಲಾಖೆ ಹೆಸರು ಕೇಳಿದಾಗ ಕಚೇರಿ ಕರೆ ಮಾಡುವುದು ಹಳೆಯ ಸಂಖ್ಯೆಗೇ.